ಹಿಪ್ಪೋದ ಅಗಸ್ಟೀನ್

ಹಿಪ್ಪೋದ ಅಗಸ್ಟೀನ್ (13 ನವೆಂಬರ್ 354 – 28 ಆಗಸ್ಟ್ 430) ರೋಮನ್ ಸಾಮ್ರಾಜ್ಯದ ಉತ್ತರ ಆಫ್ರಿಕಾದಲ್ಲಿ ಬಾಳಿದ ಕ್ರೈಸ್ತ ಬಿಷಪ್, ದಾರ್ಶನಿಕ ಮತ್ತು ಲ್ಯಾಟಿನ್ ಭಾಷೆಯ ಗ್ರಂಥಕಾರ. ಔರೇಲಿಯುಸ್ ಅಗಸ್ಟೀನುಸ್ ಎಂಬುದು ಈತನ ಲ್ಯಾಟಿನ್ ಹೆಸರು. ಪಶ್ಚಿಮದ ಕ್ರೈಸ್ತ ಚಿಂತನೆಯನ್ನು ರೂಪಿಸಿದವರಲ್ಲಿ ಈತ ಅಗ್ರಗಣ್ಯನು. ಆತ್ಮವೃತ್ತಾಂತವಾದ 'ತಪ್ಪೊಪ್ಪಿಗೆಗಳು' ಮತ್ತು 22 ಸಂಪುಟಗಳ 'ದೇವರ ನಗರ' ಈತನ ಅತ್ಯಂತ ಪ್ರಸಿದ್ಧ ಕೃತಿಗಳು. ಕ್ರಿ.ಶ. 410ರಲ್ಲಿ ರೋಮ್ ನಗರವು ಗಾಥರ ಕೈಗೆ ಸಿಕ್ಕು ಸೂರೆಯಾದಾಗ, ಹಳೆಯ ದೇವತೆಗಳನ್ನು ಕೈಬಿಟ್ಟದ್ದೇ ಈ ವಿಪತ್ತಿಗೆ ಕಾರಣವೆಂಬ ಆಪಾದನೆ ಕ್ರೈಸ್ತರ ಮೇಲೆ ಬಂದಿತು. ಅದಕ್ಕೆ ಉತ್ತರವಾಗಿ ಹುಟ್ಟಿದ 'ದೇವರ ನಗರ'ವು ರೋಮನರ ಪ್ರಾಚೀನ ಧರ್ಮವನ್ನು ಕುರಿತ ಆದಿಕಾಲದ ಕ್ರೈಸ್ತ ವಿಮರ್ಶೆಗಳಲ್ಲಿ ಅತ್ಯಂತ ವಿಸ್ತಾರವಾದುದು.

ಹಿನ್ನೆಲೆ

ಪ್ರಾಚೀನ ರೋಮನರ ಧರ್ಮಕ್ಕೆ ಒಬ್ಬ ಸ್ಥಾಪಕನಾಗಲಿ, ಒಂದು ಪವಿತ್ರ ಗ್ರಂಥವಾಗಲಿ ಇರಲಿಲ್ಲ. ಬಲಿ, ಹರಕೆ, ಶಕುನ, ಉತ್ಸವ, ಮೆರವಣಿಗೆ ಮತ್ತು ಕ್ರೀಡಾಪ್ರದರ್ಶನಗಳೇ ಅದರ ಜೀವಾಳ. ಈ ಆಚರಣೆಗಳು ತಪ್ಪದೆ ನಡೆದರೆ ದೇವತೆಗಳು ರಾಜ್ಯವನ್ನು ಕಾಪಾಡುವರೆಂದೂ, ತಪ್ಪಿದರೆ ಕ್ಷಾಮ, ಪಿಡುಗು, ಸೋಲುಗಳು ಬರುವುವೆಂದೂ ಜನರು ನಂಬಿದ್ದರು. ಆದಕಾರಣ ಬಲಿ ಕೊಡಲೊಲ್ಲದ ಕ್ರೈಸ್ತರು ಇಡೀ ಸಮಾಜಕ್ಕೆ ಕೇಡು ತರುವವರಾಗಿ ಕಂಡರು. ಆ ಹಳೆಯ ಆಚಾರಗಳನ್ನು ಅನುಸರಿಸುತ್ತಿದ್ದವರನ್ನು ಕ್ರೈಸ್ತರು 'ಪೇಗನ್' ಎಂದು ಕರೆದರು. ಇದು ಎದುರು ಪಕ್ಷದವರು ಇಟ್ಟ ಹೆಸರೇ ಹೊರತು ಆ ಜನರು ತಮಗೆ ತಾವೇ ಇಟ್ಟುಕೊಂಡ ಹೆಸರಲ್ಲ.

ಈ ಆಪಾದನೆಗೆ ಲ್ಯಾಟಿನ್ ಭಾಷೆಯಲ್ಲಿ ಉತ್ತರ ಕೊಟ್ಟವರಲ್ಲಿ ಆಫ್ರಿಕಾದ ಲೇಖಕರೇ ಪ್ರಮುಖರು. ಕಾರ್ಥೇಜಿನ ತೆರ್ತುಲಿಯನ್ ಸುಮಾರು 197ರಲ್ಲಿ 'ಅಪೊಲೊಗೆತಿಕುಮ್' ಎಂಬ ಸಮರ್ಥನ ಗ್ರಂಥವನ್ನು ಬರೆದು, ನದಿಯ ಪ್ರವಾಹಕ್ಕೂ ಬರಗಾಲಕ್ಕೂ ಕ್ರೈಸ್ತರನ್ನು ಹೊಣೆ ಮಾಡುವುದನ್ನು ಕಟುವಾಗಿ ಅಪಹಾಸ್ಯ ಮಾಡಿದ್ದನು. ಮೂರನೆಯ ಶತಮಾನದ ಮಧ್ಯಭಾಗದಲ್ಲಿ ಅದೇ ನಗರದ ಬಿಷಪ್ ಸಿಪ್ರಿಯನ್, ಸಾಂಕ್ರಾಮಿಕ ಪಿಡುಗಿನ ದಿನಗಳಲ್ಲಿ ಇಂಥದೇ ದೂರಿಗೆ ಉತ್ತರ ಬರೆದನು. ಸುಮಾರು 300ರ ವೇಳೆಗೆ ಸಿಕ್ಕಾ ನಗರದ ಅರ್ನೋಬಿಯುಸ್ ಏಳು ಸಂಪುಟಗಳ ಖಂಡನಗ್ರಂಥವನ್ನು ರಚಿಸಿದನು. ಅವನ ಶಿಷ್ಯನೆಂದು ಹೇಳಲಾಗುವ ಲಾಕ್ಟಾಂಟಿಯುಸ್ 303ರಲ್ಲಿ ಆರಂಭವಾದ ದಮನದ ಕಾಲದಲ್ಲಿ 'ದೈವೀ ಬೋಧನೆಗಳು' ಎಂಬ ಗ್ರಂಥವನ್ನು ಬರೆಯತೊಡಗಿದನು. ಇವರೆಲ್ಲರೂ ಅಧಿಕಾರವಿಲ್ಲದ, ಭಯದಲ್ಲಿ ಬದುಕುತ್ತಿದ್ದ ಒಂದು ಸಮುದಾಯದ ಪರವಾಗಿ ಬರೆದವರು. ಅಗಸ್ಟೀನನ ಕಾಲಕ್ಕೆ ಪರಿಸ್ಥಿತಿ ತಿರುಗಿಬಿದ್ದಿತ್ತು. ಚಕ್ರವರ್ತಿಗಳೇ ಕ್ರೈಸ್ತರಾಗಿದ್ದರು, ಬಲಿಯರ್ಪಣೆಯು ಕಾನೂನುಬಾಹಿರವಾಗಿತ್ತು. ಈತನ ವಿಮರ್ಶೆಯನ್ನು ಅರಿಯುವಾಗ ಈ ವ್ಯತ್ಯಾಸವನ್ನು ಮರೆಯುವಂತಿಲ್ಲ.

ಜನನ ಮತ್ತು ಬಾಲ್ಯ

ಅಗಸ್ಟೀನ್ ನುಮಿಡಿಯಾ ಪ್ರದೇಶದ ತಗಾಸ್ತೆ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದನು. ಇದು ಇಂದಿನ ಅಲ್ಜೀರಿಯಾ ದೇಶದ ಸೂಕ್ ಅಹ್ರಾಸ್. ತಂದೆ ಪತ್ರೀಸಿಯುಸ್ ಅಲ್ಪ ಭೂಮಿಯಿದ್ದ ಗೃಹಸ್ಥ, ಪಟ್ಟಣದ ಸಭೆಯ ಸದಸ್ಯ. ಅವನು ಬಹುಕಾಲ ಹಳೆಯ ಧರ್ಮದಲ್ಲಿಯೇ ಇದ್ದು, ಜೀವನದ ಕೊನೆಗಾಲದಲ್ಲಿ ದೀಕ್ಷಾಸ್ನಾನ ಪಡೆದನು. ತಾಯಿ ಮೋನಿಕಾ ನಿಷ್ಠಾವಂತ ಕ್ರೈಸ್ತಳು. ಹೀಗೆ ಎರಡು ಧರ್ಮಗಳ ನಡುವಣ ವ್ಯತ್ಯಾಸವನ್ನು ಅಗಸ್ಟೀನ್ ಮೊದಲು ಕಂಡದ್ದು ಪುಸ್ತಕಗಳಲ್ಲಿ ಅಲ್ಲ, ತನ್ನ ಮನೆಯಲ್ಲಿಯೇ. ಈತನಿಗೆ ನಾವಿಗಿಯುಸ್ ಎಂಬ ಸಹೋದರನೂ ಒಬ್ಬ ಸಹೋದರಿಯೂ ಇದ್ದರು.

ಪ್ರಾರಂಭದ ಶಿಕ್ಷಣ ತಗಾಸ್ತೆಯಲ್ಲಿ ನಡೆಯಿತು. ಪಾಠಶಾಲೆಯ ಬೆತ್ತದೇಟು ಈತನ ಮನಸ್ಸಿನಲ್ಲಿ ವೃದ್ಧಾಪ್ಯದವರೆಗೂ ಉಳಿದಿತ್ತು. ಗ್ರೀಕ್ ಭಾಷೆ ಈತನಿಗೆ ರುಚಿಸಲಿಲ್ಲ. ಲ್ಯಾಟಿನ್ ಕವಿ ವರ್ಜಿಲನ ಕಾವ್ಯವಾದರೋ ಬಾಲ್ಯದಲ್ಲೇ ಕಂಠಸ್ಥವಾಗುವಷ್ಟು ಪ್ರಿಯವಾಯಿತು. ಮುಂದೆ ರೋಮನರ ದೇವತೆಗಳನ್ನು ವಿಮರ್ಶಿಸುವಾಗ ಈತ ಪದೇ ಪದೇ ಅದೇ ಕಾವ್ಯದಿಂದ ನಿದರ್ಶನಗಳನ್ನು ತೆಗೆದುಕೊಂಡನು.

ಅನಂತರ ಹತ್ತಿರದ ಮದೌರಸ್ ಪಟ್ಟಣದಲ್ಲಿ ವ್ಯಾಸಂಗ ಮುಂದುವರಿಯಿತು. ಎರಡನೆಯ ಶತಮಾನದ ಲೇಖಕ ಅಪುಲೇಯುಸ್ ಹುಟ್ಟಿದ ಈ ಊರಿನಲ್ಲಿ ಹಳೆಯ ಧರ್ಮವು ಇನ್ನೂ ಬಲವಾಗಿ ಬೇರೂರಿತ್ತು. ಹದಿನಾರನೆಯ ವಯಸ್ಸಿನಲ್ಲಿ ಹಣದ ಅಭಾವದಿಂದ ಓದು ನಿಂತು, ಒಂದು ವರ್ಷ ಊರಿನಲ್ಲಿ ಕಾಲ ಕಳೆಯಬೇಕಾಯಿತು. ತಗಾಸ್ತೆಯ ಧನಿಕ ರೊಮಾನಿಯಾನುಸನ ನೆರವಿನಿಂದ ಕಾರ್ಥೇಜಿಗೆ ಹೋಗಿ ಉನ್ನತ ವ್ಯಾಸಂಗ ಮಾಡುವುದು ಸಾಧ್ಯವಾಯಿತು.

ಕಾರ್ಥೇಜಿನ ದಿನಗಳು

ಕಾರ್ಥೇಜ್ ಆಫ್ರಿಕಾದ ಅತಿ ದೊಡ್ಡ ನಗರ. ಇಲ್ಲಿ ಅಗಸ್ಟೀನ್ ಭಾಷಣಕಲೆಯನ್ನು ಅಭ್ಯಾಸ ಮಾಡಿದನು. ನಾಟಕಗಳ ಗೀಳು ಹಿಡಿಯಿತು. ಕೈಲೆಸ್ತಿಸ್ ದೇವಿಯ ಮತ್ತು ದೇವಮಾತೆಯ ಉತ್ಸವಗಳನ್ನು ಜನಜಂಗುಳಿಯ ನಡುವೆ ನಿಂತು ನೋಡಿದನು. ಆ ಉತ್ಸವಗಳಲ್ಲಿ ದೇವಿಯ ಮುಂದೆಯೇ ನಡೆಯುತ್ತಿದ್ದ ಅಶ್ಲೀಲ ಹಾಡು ಕುಣಿತಗಳನ್ನು ಈತ ಮುಂದೆ 'ದೇವರ ನಗರ'ದಲ್ಲಿ ಕಣ್ಣಾರೆ ಕಂಡವನಾಗಿ ವರ್ಣಿಸಿದನು.

ಕಾರ್ಥೇಜಿನಲ್ಲಿ ಒಬ್ಬ ಸ್ತ್ರೀಯೊಡನೆ ಈತನ ಸಹಜೀವನ ಆರಂಭವಾಯಿತು. ಆಕೆಯ ಹೆಸರನ್ನು ಈತ ಎಲ್ಲಿಯೂ ದಾಖಲಿಸಿಲ್ಲ. ಸುಮಾರು 372ರಲ್ಲಿ ಅವರಿಗೆ ಅದೆಯೊದಾತುಸ್ ಎಂಬ ಮಗ ಹುಟ್ಟಿದನು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸಿಸೆರೋ ಬರೆದ 'ಹೊರ್ತೆನ್ಸಿಯುಸ್' ಎಂಬ ಗ್ರಂಥ ಕೈಗೆ ಸಿಕ್ಕಿತು. ಅದರ ಓದಿನಿಂದ ಸತ್ಯಾನ್ವೇಷಣೆಯ ಹಂಬಲ ಮೂಡಿತು. ಆ ಹಂಬಲದಲ್ಲಿ ಬೈಬಲನ್ನು ತೆರೆದಾಗ ಅದರ ಸರಳ ಶೈಲಿ ಹಿಡಿಸಲಿಲ್ಲ. ಬೆಳಕು ಮತ್ತು ಕತ್ತಲೆಗಳೆಂಬ ಎರಡು ಅನಾದಿ ತತ್ತ್ವಗಳನ್ನು ಬೋಧಿಸುತ್ತಿದ್ದ ಮಾನಿ ಪಂಥವನ್ನು ಸೇರಿ, ಸುಮಾರು ಒಂಬತ್ತು ವರ್ಷ ಅದರ ಶ್ರಾವಕನಾಗಿದ್ದನು.

ಕೆಲಕಾಲ ತಗಾಸ್ತೆಯಲ್ಲಿ ಅಧ್ಯಾಪಕನಾಗಿದ್ದು, ಅನಂತರ ಕಾರ್ಥೇಜಿನಲ್ಲಿ ಭಾಷಣಕಲೆಯನ್ನು ಬೋಧಿಸತೊಡಗಿದನು. ಒಮ್ಮೆ ಕಾವ್ಯಸ್ಪರ್ಧೆಯ ಸಂದರ್ಭದಲ್ಲಿ, ಪ್ರಾಣಿಬಲಿ ಕೊಟ್ಟು ಗೆಲುವನ್ನು ದೊರಕಿಸಿಕೊಡುವೆನೆಂದು ಒಬ್ಬ ಶಕುನಗಾರನು ಮುಂದೆ ಬಂದನು. ಅಗಸ್ಟೀನ್ ಅದನ್ನು ನಿರಾಕರಿಸಿದನು. ಆದರೆ ಬಲಿಯಿಲ್ಲದ ಜ್ಯೋತಿಷ್ಯದಲ್ಲಿ ಮಾತ್ರ ಈತನಿಗೆ ಆಗ ಪೂರ್ಣ ನಂಬಿಕೆಯಿತ್ತು. ವಿಂಡಿಸಿಯಾನುಸ್ ಎಂಬ ಹಿರಿಯ ವೈದ್ಯನು ಬುದ್ಧಿ ಹೇಳಿದರೂ ಆ ನಂಬಿಕೆ ಬಿಡಲು ಹಲವು ವರ್ಷಗಳೇ ಬೇಕಾದವು.

ರೋಮ್ ಮತ್ತು ಮಿಲಾನ್

383ರಲ್ಲಿ ಅಗಸ್ಟೀನ್ ರೋಮಿಗೆ ತೆರಳಿದನು. ಅಲ್ಲಿನ ವಿದ್ಯಾರ್ಥಿಗಳು ಗುರುದಕ್ಷಿಣೆ ಕೊಡುವ ಹೊತ್ತಿಗೆ ಬೇರೆ ಗುರುಗಳ ಬಳಿಗೆ ಜಾರಿಕೊಳ್ಳುತ್ತಿದ್ದುದು ಈತನಿಗೆ ತಲೆನೋವಾಯಿತು. 384ರಲ್ಲಿ ಮಿಲಾನಿನ ಸರ್ಕಾರಿ ಅಧ್ಯಾಪಕನ ಹುದ್ದೆ ತೆರವಾದಾಗ, ರೋಮಿನ ನಗರಾಧಿಪತಿ ಸಿಮ್ಮಾಕುಸನು ಈತನನ್ನು ಆರಿಸಿ ಕಳುಹಿಸಿದನು.

ಈ ಸಿಮ್ಮಾಕುಸನು ಹಳೆಯ ಧರ್ಮದ ಪ್ರಮುಖ ವಕ್ತಾರ. ರೋಮಿನ ಸೆನೆಟ್ ಭವನದಲ್ಲಿದ್ದ ವಿಜಯದೇವಿಯ ವೇದಿಕೆಯನ್ನು ಗ್ರೇಷಿಯನ್ ಚಕ್ರವರ್ತಿ 382ರಲ್ಲಿ ತೆಗೆಸಿದ್ದನು. ಅದನ್ನು ಮತ್ತೆ ಸ್ಥಾಪಿಸಬೇಕೆಂದು ಸಿಮ್ಮಾಕುಸನು 384ರಲ್ಲಿ ಎರಡನೆಯ ವ್ಯಾಲೆಂಟಿನಿಯನ್ ಚಕ್ರವರ್ತಿಗೆ ಮನವಿ ಸಲ್ಲಿಸಿದನು. ಹಿರಿಯರ ಆಚಾರಗಳನ್ನು ಉಳಿಸಿಕೊಳ್ಳಲು ಅವಕಾಶವಿರಬೇಕು, ಸತ್ಯವನ್ನು ತಲುಪುವ ಮಾರ್ಗ ಒಂದೇ ಅಲ್ಲ ಎಂಬುದು ಅವನ ವಾದದ ತಿರುಳು. ಮಿಲಾನಿನ ಬಿಷಪ್ ಆಂಬ್ರೋಸನು ಇದನ್ನು ಬಲವಾಗಿ ವಿರೋಧಿಸಿದನು, ಮನವಿ ತಿರಸ್ಕೃತವಾಯಿತು. ಸಿಮ್ಮಾಕುಸನು ಆರಿಸಿ ಕಳುಹಿಸಿದ ಅಧ್ಯಾಪಕನೇ ಮುಂದೆ ಆಂಬ್ರೋಸನಿಂದ ದೀಕ್ಷೆ ಪಡೆದು, ಹಳೆಯ ಧರ್ಮದ ಅತಿ ದೊಡ್ಡ ವಿಮರ್ಶಕನಾದದ್ದು ಇತಿಹಾಸದ ಒಂದು ವಿಚಿತ್ರ ತಿರುವು.

ಮಿಲಾನಿನಲ್ಲಿ ಅಗಸ್ಟೀನ್ ಮೊದಲು ಆಂಬ್ರೋಸನ ಉಪನ್ಯಾಸಗಳ ಶೈಲಿಗಾಗಿ ಕಿವಿಗೊಟ್ಟನು. ಕ್ರಮೇಣ ಅದರ ಅರ್ಥವೂ ಮನಸ್ಸನ್ನು ಹಿಡಿಯಿತು. ಮಾನಿ ಪಂಥದ ಮೇಲಿನ ವಿಶ್ವಾಸ ಅಷ್ಟರಲ್ಲಿ ಕುಸಿದಿತ್ತು. ಲ್ಯಾಟಿನ್ನಿಗೆ ಅನುವಾದಗೊಂಡಿದ್ದ ಪ್ಲೇಟೋ ಪಂಥದ ಗ್ರಂಥಗಳು ದೇವರನ್ನು ದೇಹರಹಿತ ಸತ್ಯವೆಂದು ಚಿಂತಿಸುವ ದಾರಿಯನ್ನು ತೋರಿಸಿದವು. ಅವುಗಳ ಅನುವಾದಕ ಮಾರಿಯುಸ್ ವಿಕ್ಟೊರೀನುಸ್ ರೋಮಿನಲ್ಲಿ ಪ್ರತಿಮೆಯ ಗೌರವ ಪಡೆದಿದ್ದ ವಿದ್ವಾಂಸ. ದೀರ್ಘಕಾಲ ಹಳೆಯ ದೇವತೆಗಳನ್ನು ಸಮರ್ಥಿಸಿದ್ದ ಅವನು ವೃದ್ಧಾಪ್ಯದಲ್ಲಿ ಬಹಿರಂಗವಾಗಿ ಕ್ರೈಸ್ತನಾದ ವೃತ್ತಾಂತವನ್ನು ಸಿಂಪ್ಲಿಸಿಯಾನುಸ್ ಎಂಬ ಹಿರಿಯ ಪಾದ್ರಿಯಿಂದ ಕೇಳಿದಾಗ ಅಗಸ್ಟೀನನ ಮನಸ್ಸು ಬಹಳವಾಗಿ ಕಲಕಿತು.

ಇದರ ನಡುವೆ, ಅನುಕೂಲಸ್ಥ ಮನೆತನದ ಹುಡುಗಿಯೊಡನೆ ವಿವಾಹ ನಿಶ್ಚಯವಾದ ಕಾರಣ ಮಗನ ತಾಯಿಯನ್ನು ಆಫ್ರಿಕಾಕ್ಕೆ ಹಿಂದಕ್ಕೆ ಕಳುಹಿಸಲಾಯಿತು. ಆಕೆ ಮಗನನ್ನು ತಂದೆಯ ಬಳಿ ಬಿಟ್ಟುಹೋದಳು. ಆ ವಿವಾಹವೂ ನಡೆಯಲಿಲ್ಲ. 386ರ ಬೇಸಿಗೆಯಲ್ಲಿ ಮಿಲಾನಿನ ಒಂದು ತೋಟದಲ್ಲಿ, ತೀವ್ರವಾದ ಅಂತರಂಗದ ಹೋರಾಟದ ಬಳಿಕ, ಸಂತ ಪೌಲನ ಪತ್ರವೊಂದನ್ನು ಓದಿ ಅಗಸ್ಟೀನ್ ಕ್ರೈಸ್ತ ಜೀವನಕ್ಕೆ ಮನಸ್ಸು ಗಟ್ಟಿಮಾಡಿದನು. ಹುದ್ದೆಗೆ ರಾಜೀನಾಮೆ ಕೊಟ್ಟನು. 387ರ ಏಪ್ರಿಲ್ 24–25ರ ಈಸ್ಟರ್ ರಾತ್ರಿ ಆಂಬ್ರೋಸನು ಈತನಿಗೂ, ಮಗ ಅದೆಯೊದಾತುಸನಿಗೂ, ಗೆಳೆಯ ಅಲಿಪಿಯುಸನಿಗೂ ದೀಕ್ಷಾಸ್ನಾನ ಕೊಟ್ಟನು. ಅದೇ ವರ್ಷ ಆಫ್ರಿಕಾಕ್ಕೆ ಹೊರಟಾಗ ಓಸ್ತಿಯಾ ಬಂದರಿನಲ್ಲಿ ಮೋನಿಕಾ ತನ್ನ 56ನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಹಿಪ್ಪೋದ ಬಿಷಪ್

388ರಲ್ಲಿ ಆಫ್ರಿಕಾಕ್ಕೆ ಮರಳಿದ ಅಗಸ್ಟೀನ್ ತಗಾಸ್ತೆಯಲ್ಲಿ ಗೆಳೆಯರೊಡನೆ ಸನ್ಯಾಸಿಯಂತೆ ಬಾಳತೊಡಗಿದನು. ಕೆಲವೇ ವರ್ಷಗಳಲ್ಲಿ ಹರೆಯದ ಮಗನೂ ತೀರಿಕೊಂಡನು. ಇದೇ ಕಾಲದಲ್ಲಿ ಮದೌರಸಿನ ಮಾಕ್ಸಿಮುಸ್ ಎಂಬ ವೃದ್ಧ ವ್ಯಾಕರಣ ಪಂಡಿತನೊಡನೆ ಪತ್ರವ್ಯವಹಾರ ನಡೆಯಿತು. ಅನೇಕ ಹೆಸರುಗಳಿಂದ ಜನರು ಪೂಜಿಸುವುದು ಒಬ್ಬನೇ ಪರಮದೇವನ ಶಕ್ತಿಗಳನ್ನೆಂದು ಮಾಕ್ಸಿಮುಸನು ವಾದಿಸಿ, ಕ್ರೈಸ್ತ ಹುತಾತ್ಮರ ಪ್ಯೂನಿಕ್ ಹೆಸರುಗಳನ್ನು ಹಳ್ಳಿಗಾಡಿನವೆಂದು ಗೇಲಿ ಮಾಡಿದ್ದನು. ಆಫ್ರಿಕಾದವನಾಗಿದ್ದುಕೊಂಡು ಆಫ್ರಿಕಾದ ಭಾಷೆಯನ್ನು ಹಳಿಯುವುದು ತರವಲ್ಲವೆಂದು ಅಗಸ್ಟೀನ್ ಮರುಉತ್ತರ ಬರೆದನು.

391ರಲ್ಲಿ ಹಿಪ್ಪೋ ರೇಜಿಯುಸ್ ಎಂಬ ಬಂದರು ನಗರಕ್ಕೆ ಹೋದಾಗ ಅಲ್ಲಿನ ಜನರು ಈತನನ್ನು ಹಿಡಿದು ನಿಲ್ಲಿಸಿ, ಬಿಷಪ್ ವಲೇರಿಯುಸನಿಂದ ಪಾದ್ರಿಯ ದೀಕ್ಷೆ ಕೊಡಿಸಿದರು. ಈ ನಗರ ಇಂದಿನ ಅಲ್ಜೀರಿಯಾದ ಅನ್ನಾಬಾ. ನಾಲ್ಕು ವರ್ಷಗಳ ಬಳಿಕ ಸಹ ಬಿಷಪ್ ಆಗಿ, ವಲೇರಿಯುಸನ ಮರಣಾನಂತರ ಅಲ್ಲಿನ ಬಿಷಪ್ ಆಗಿ, ಜೀವಮಾನವೆಲ್ಲ ಅಲ್ಲಿಯೇ ಉಳಿದನು. ಉಪದೇಶ, ವ್ಯಾಜ್ಯಗಳ ತೀರ್ಮಾನ, ಬಡವರ ಪೋಷಣೆ, ಪತ್ರವ್ಯವಹಾರಗಳ ನಡುವೆ ರಾತ್ರಿಯ ಹೊತ್ತು ಬರಹಗಾರರಿಗೆ ಉಕ್ತಲೇಖನ ಕೊಟ್ಟು ಗ್ರಂಥಗಳನ್ನು ರಚಿಸಿದನು. 397ರಿಂದ 401ರ ಅವಧಿಯಲ್ಲಿ 13 ಸಂಪುಟಗಳ 'ತಪ್ಪೊಪ್ಪಿಗೆಗಳು' ಸಿದ್ಧವಾಯಿತು.

ದೇವಾಲಯಗಳು, ವಿಗ್ರಹಗಳು ಮತ್ತು ಘರ್ಷಣೆಗಳು

ಥಿಯೊಡೋಸಿಯುಸ್ ಚಕ್ರವರ್ತಿಯು 391–392ರಲ್ಲಿ ಬಲಿಯರ್ಪಣೆ ಮತ್ತು ದೇವಾಲಯಗಳ ಪೂಜೆಯನ್ನು ನಿಷೇಧಿಸಿದ್ದನು. 399ರ ಮಾರ್ಚ್ 19ರಂದು ಹೊನೋರಿಯುಸ್ ಚಕ್ರವರ್ತಿಯ ಅಧಿಕಾರಿಗಳಾದ ಗೌಡೆಂಟಿಯುಸ್ ಮತ್ತು ಜೋವಿಯುಸ್ ಎಂಬುವರು ಕಾರ್ಥೇಜಿನ ದೇವಾಲಯಗಳನ್ನು ಕೆಡವಿ ವಿಗ್ರಹಗಳನ್ನು ಒಡೆಸಿದರು. ಅಗಸ್ಟೀನ್ ಈ ಘಟನೆಯನ್ನು ಸಂತೋಷದಿಂದಲೇ ದಾಖಲಿಸಿದ್ದಾನೆ. ಸುಫೆಸ್ ಎಂಬ ಪಟ್ಟಣದಲ್ಲಿ ಹರ್ಕ್ಯುಲಿಸನ ವಿಗ್ರಹವನ್ನು ಒಡೆದಾಗ ರೊಚ್ಚಿಗೆದ್ದ ಜನರು 60 ಮಂದಿ ಕ್ರೈಸ್ತರನ್ನು ಕೊಂದರು. ವಿಗ್ರಹವನ್ನು ಬೇಕಾದರೆ ಮಾಡಿಸಿಕೊಡಬಹುದು, ಹೋದ ಪ್ರಾಣಗಳನ್ನು ನೀವು ಹಿಂದಕ್ಕೆ ಕೊಡಬಲ್ಲಿರಾ ಎಂಬ ಅರ್ಥದ ಕಟುವಾದ ಪತ್ರವನ್ನು ಈತ ಆ ಊರಿನ ಮುಖಂಡರಿಗೆ ಬರೆದನು.

ಆದರೆ ಇತರರ ಜಮೀನುಗಳಿಗೆ ನುಗ್ಗಿ ವಿಗ್ರಹಭಂಜನ ಮಾಡುವುದನ್ನು ಈತ ಒಪ್ಪಲಿಲ್ಲ. ಕಾನೂನಿನ ಅಧಿಕಾರವಿಲ್ಲದ ಕಡೆ ಕೈಮಾಡಬಾರದು, ಮೊದಲು ಜನರ ಹೃದಯದೊಳಗಿನ ವಿಗ್ರಹವನ್ನು ತೆಗೆಯಬೇಕು, ಆಮೇಲೆ ಹೊರಗಿನದನ್ನು ಅವರೇ ತೆಗೆಯುತ್ತಾರೆ ಎಂಬುದು ಈತನ ಉಪದೇಶ. ಹುತಾತ್ಮರ ಸಮಾಧಿಗಳ ಬಳಿ ಕುಡಿದು ಕುಣಿಯುವುದು, ತಾಯತ ಕಟ್ಟುವುದು, ಜೋಯಿಸರ ಬಳಿಗೆ ಹೋಗುವುದು ಮೊದಲಾದ ಕ್ರೈಸ್ತರ ಆಚರಣೆಗಳನ್ನೂ ಈತ ಅಷ್ಟೇ ಕಟುವಾಗಿ ಖಂಡಿಸಿದನು.

408ರ ಜೂನ್ 1ರಂದು ಕಲಾಮಾ ಪಟ್ಟಣದಲ್ಲಿ ನಿಷೇಧವನ್ನು ಮೀರಿ ಹಳೆಯ ಧರ್ಮದವರ ಉತ್ಸವ ನಡೆಯಿತು. ಕುಣಿಯುತ್ತ ಬಂದ ಮೆರವಣಿಗೆಯನ್ನು ಚರ್ಚಿನವರು ತಡೆಯಲು ಹೋದಾಗ ಕಲ್ಲು ತೂರಾಟವಾಯಿತು. ಮುಂದಿನ ದಿನಗಳಲ್ಲಿ ಚರ್ಚಿಗೆ ಮತ್ತೆ ಕಲ್ಲು ಬಿದ್ದು, ಬೆಂಕಿ ಹಚ್ಚಲಾಯಿತು, ಒಬ್ಬನು ಹತನಾದನು. ಅಲ್ಲಿನ ಬಿಷಪ್ ಪೊಸ್ಸಿಡಿಯುಸ್ ಅಡಗಿಕೊಂಡು ಜೀವ ಉಳಿಸಿಕೊಂಡನು. ಊರಿಗೆ ಕಠಿಣ ಶಿಕ್ಷೆ ಕಾದಿರುವುದನ್ನು ಅರಿತ ನೆಕ್ತಾರಿಯುಸ್ ಎಂಬ ಹಿರಿಯನು, ತಾನು ಹಳೆಯ ಧರ್ಮದವನಾಗಿದ್ದರೂ, ಹುಟ್ಟೂರಿನ ಮೇಲಿನ ಪ್ರೀತಿಯಿಂದ ಅಗಸ್ಟೀನನಿಗೆ ಪತ್ರ ಬರೆದು ಕರುಣೆ ಬೇಡಿದನು. ಮರಣದಂಡನೆ ಮತ್ತು ಚಿತ್ರಹಿಂಸೆಗಳು ಬೇಡವೆಂದು ಅಗಸ್ಟೀನ್ ಒಪ್ಪಿದನು. ಆದರೆ ಶಿಕ್ಷೆಯೇ ಇಲ್ಲದಿದ್ದರೆ ಇತರರಿಗೂ ಧೈರ್ಯ ಬರುವುದೆಂದು ಹೇಳಿ, ತಪ್ಪಿತಸ್ಥರ ಆಸ್ತಿಯ ಮೇಲೆ ದಂಡ ಬೀಳಬೇಕೆಂಬ ನಿಲುವಿಗೆ ಅಂಟಿಕೊಂಡನು. ಬಡತನವು ಮರಣಕ್ಕಿಂತ ಕಷ್ಟವೆಂದು ನೆಕ್ತಾರಿಯುಸನು ವಾದಿಸಿದನು. ಇಬ್ಬರ ಪತ್ರಗಳೂ ಇಂದಿಗೆ ಉಳಿದು ಬಂದಿವೆ. ಸೋಲುತ್ತಿರುವ ಧರ್ಮದ ಒಬ್ಬ ಸಭ್ಯ ನಾಗರಿಕನ ಧ್ವನಿ ಅವುಗಳಲ್ಲಿ ಕೇಳಿಬರುತ್ತದೆ.

ರೋಮಿನ ಪತನ ಮತ್ತು 'ದೇವರ ನಗರ'

410ರ ಆಗಸ್ಟ್ 24ರಂದು ಅಲಾರಿಕನ ನಾಯಕತ್ವದ ಗಾಥರು ರೋಮನ್ನು ಪ್ರವೇಶಿಸಿ ಮೂರು ದಿನ ಸೂರೆ ಮಾಡಿದರು. ಸುಮಾರು 800 ವರ್ಷಗಳಿಂದ ಆ ನಗರವು ಹೊರಗಿನ ಶತ್ರುಗಳ ಕೈಗೆ ಸಿಕ್ಕಿರಲಿಲ್ಲ. ನಿರಾಶ್ರಿತರು ಹಡಗುಗಳಲ್ಲಿ ಆಫ್ರಿಕಾಕ್ಕೆ ಬಂದರು. ಬಲಿಗಳು ನಡೆಯುತ್ತಿದ್ದಷ್ಟು ಕಾಲ ರೋಮ್ ಸುರಕ್ಷಿತವಾಗಿತ್ತು, ನಿಂತ ಬಳಿಕ ಬಿದ್ದಿತು ಎಂಬ ಮಾತು ಎಲ್ಲೆಡೆ ಹಬ್ಬಿತು. ಕ್ರೈಸ್ತರಲ್ಲಿಯೂ ಅನೇಕರು ಧೃತಿಗೆಟ್ಟರು.

ಕಾರ್ಥೇಜಿನಲ್ಲಿದ್ದ ವೊಲುಸಿಯಾನುಸ್ ಎಂಬ ಶ್ರೀಮಂತ ಮನೆತನದ ವಿದ್ಯಾವಂತನು ಕ್ರೈಸ್ತ ಬೋಧನೆಯನ್ನು ಕುರಿತು ಪ್ರಶ್ನೆಗಳನ್ನು ಎತ್ತಿದನು. ಕೆಡುಕಿಗೆ ಪ್ರತೀಕಾರ ಮಾಡಬಾರದೆನ್ನುವ ಬೋಧನೆಯಿಂದ ರಾಜ್ಯವನ್ನು ಕಾಪಾಡುವುದು ಹೇಗೆಂಬ ಪ್ರಶ್ನೆಯೂ ಆ ಚರ್ಚೆಯಲ್ಲಿ ಬಂದಿತು. ಚಕ್ರವರ್ತಿಯ ಅಧಿಕಾರಿ ಮಾರ್ಸೆಲೀನುಸನು ಇವುಗಳನ್ನು ತಿಳಿಸಿ ವಿಸ್ತಾರವಾದ ಉತ್ತರವನ್ನು ಕೋರಿದನು. ಅದರ ಫಲವೇ 'ದೇವರ ನಗರ'. ಅದನ್ನು ಮಾರ್ಸೆಲೀನುಸನಿಗೇ ಅರ್ಪಿಸಿ ಅಗಸ್ಟೀನ್ ಬರೆಯತೊಡಗಿದನು. ಆದರೆ 413ರ ಸೆಪ್ಟೆಂಬರಿನಲ್ಲಿ ರಾಜದ್ರೋಹದ ಆರೋಪದ ಮೇಲೆ ಮಾರ್ಸೆಲೀನುಸನ ಶಿರಚ್ಛೇದವಾಯಿತು. ಗ್ರಂಥವು ಪೂರ್ಣಗೊಂಡದ್ದು ಸುಮಾರು 426ರಲ್ಲಿ.

ಮೊದಲ ಐದು ಸಂಪುಟಗಳು, ಇಹಲೋಕದ ಸುಖಕ್ಕಾಗಿ ಅನೇಕ ದೇವತೆಗಳನ್ನು ಪೂಜಿಸಬೇಕೆನ್ನುವವರಿಗೆ ಉತ್ತರ. ಮುಂದಿನ ಐದು ಸಂಪುಟಗಳು, ಮರಣಾನಂತರದ ಬಾಳಿಗಾಗಿ ಆ ಪೂಜೆ ಬೇಕೆನ್ನುವವರಿಗೆ ಉತ್ತರ. ಉಳಿದ 12 ಸಂಪುಟಗಳಲ್ಲಿ ದೇವರ ನಗರ ಮತ್ತು ಇಹದ ನಗರಗಳ ಹುಟ್ಟು, ಬೆಳವಣಿಗೆ, ಕೊನೆಗಳ ನಿರೂಪಣೆಯಿದೆ.

ರೋಮನ್ ಧರ್ಮದ ವಿಮರ್ಶೆ

ಅಗಸ್ಟೀನನ ಮೊದಲ ವಾದವು ಇತಿಹಾಸದಿಂದ ಬಂದದ್ದು. ಕ್ರೈಸ್ತಧರ್ಮ ಹುಟ್ಟುವುದಕ್ಕೆ ಮೊದಲೇ, ದೇವತೆಗಳಿಗೆ ಯಥೇಚ್ಛವಾಗಿ ಬಲಿ ಸಲ್ಲುತ್ತಿದ್ದಾಗಲೇ ರೋಮ್ ಅನೇಕ ವಿಪತ್ತುಗಳನ್ನು ಕಂಡಿತ್ತು. ಗಾಲರು ನಗರವನ್ನು ಸುಟ್ಟರು. ಕಾನ್ನೇ ಯುದ್ಧದಲ್ಲಿ ಹನ್ನಿಬಲನು ರೋಮನ್ ಸೈನ್ಯವನ್ನು ನಾಶ ಮಾಡಿದನು. ಮಾರಿಯುಸ್ ಮತ್ತು ಸುಲ್ಲಾ ಅವರ ಅಂತಃಕಲಹದಲ್ಲಿ ರೋಮನರ ರಕ್ತವನ್ನು ರೋಮನರೇ ಹರಿಸಿದರು. ಟ್ರಾಯ್ ನಗರವನ್ನು ಉಳಿಸಲಾರದ ದೇವತೆಗಳನ್ನು ರೋಮ್ ತನ್ನ ರಕ್ಷಕರೆಂದು ತಂದುಕೊಂಡದ್ದನ್ನು ಈತ ವ್ಯಂಗ್ಯವಾಗಿ ಎತ್ತಿ ತೋರಿಸಿದನು. ಗಾಥರ ದಾಳಿಯ ದಿನಗಳಲ್ಲಿ ಚರ್ಚುಗಳನ್ನು ಹೊಕ್ಕವರಿಗೆ, ಅವರು ಯಾವ ಧರ್ಮದವರೇ ಆಗಿರಲಿ, ಪ್ರಾಣರಕ್ಷಣೆ ಸಿಕ್ಕಿದ್ದನ್ನು ನೆನಪಿಸಿದನು. ದಾಳಿಕಾರರಿಂದ ಮಾನಭಂಗಕ್ಕೆ ಒಳಗಾದ ಸ್ತ್ರೀಯರಲ್ಲಿ ಯಾವ ದೋಷವೂ ಇಲ್ಲವೆಂದೂ, ಅವರು ಪ್ರಾಣ ಕಳೆದುಕೊಳ್ಳಬೇಕಿಲ್ಲವೆಂದೂ ಸ್ಪಷ್ಟವಾಗಿ ಬರೆದನು.

ಎರಡನೆಯದು ನೀತಿಯ ವಾದ. ದೇವತೆಗಳು ತಮ್ಮ ಭಕ್ತರಿಗೆ ಬಾಳಿನ ನಿಯಮಗಳನ್ನು ಬೋಧಿಸಲಿಲ್ಲ. ಬದಲಾಗಿ ತಮ್ಮ ಅನೀತಿಯ ಕಥೆಗಳನ್ನು ರಂಗದ ಮೇಲೆ ಆಡಿಸುವುದನ್ನು ಪೂಜೆಯಾಗಿ ಸ್ವೀಕರಿಸಿದರು ಎಂಬುದು ಈತನ ದೂರು. ನ್ಯಾಯವಿಲ್ಲದ ರಾಜ್ಯವು ದೊಡ್ಡ ಪ್ರಮಾಣದ ದರೋಡೆಗಾರರ ಗುಂಪಿಗಿಂತ ಬೇರೆಯಲ್ಲವೆಂಬ ಈತನ ಪ್ರಸಿದ್ಧ ವಿಚಾರವೂ ಈ ಭಾಗದಲ್ಲಿಯೇ ಬರುತ್ತದೆ. ಆದರೂ ಹಳೆಯ ರೋಮನರ ದೇಶಭಕ್ತಿ, ಸರಳತೆ, ತ್ಯಾಗಗಳನ್ನು ಈತ ಅಲ್ಲಗಳೆಯಲಿಲ್ಲ. ಅವರು ಕೀರ್ತಿಯನ್ನು ಬಯಸಿದರು, ಅದನ್ನು ಪಡೆದರು ಎಂದು ತೀರ್ಮಾನಿಸಿದನು.

ಮೂರನೆಯದಾಗಿ, ದೇವತೆಗಳ ಸಂಖ್ಯೆ ಮತ್ತು ಕೆಲಸಗಳ ಹಂಚಿಕೆಯನ್ನು ಕುರಿತ ಹಾಸ್ಯ. ಒಂದು ಮನೆಗೆ ಒಬ್ಬ ಕಾವಲುಗಾರ ಸಾಕಾಗಿರುವಾಗ, ಕದಕ್ಕೆ ಫೊರ್ಕುಲುಸ್, ತಿರುಗಣಿಗೆ ಕಾರ್ಡೆಯಾ, ಹೊಸ್ತಿಲಿಗೆ ಲಿಮೆಂಟೀನುಸ್ ಎಂದು ಮೂವರು ದೇವತೆಗಳು ಏಕೆ ಬೇಕಾದರೆಂದು ಈತ ಕೇಳುತ್ತಾನೆ. ಸೌಭಾಗ್ಯದೇವಿಯೊಬ್ಬಳಿದ್ದರೆ ಉಳಿದವರ ಅವಶ್ಯಕತೆಯೇನೆಂಬುದು ಇನ್ನೊಂದು ಪ್ರಶ್ನೆ.

ನಾಲ್ಕನೆಯದು, ವಿದ್ವಾಂಸ ವಾರ್ರೋನೊಡನೆ ನಡೆಸಿದ ವಾದ. ಕ್ರಿ.ಪೂ. ಮೊದಲನೆಯ ಶತಮಾನದ ವಾರ್ರೋ ರೋಮನರ ಪ್ರಾಚೀನ ಸಂಗತಿಗಳನ್ನು ಕುರಿತು 41 ಸಂಪುಟಗಳನ್ನು ಬರೆದಿದ್ದನು. ಅವುಗಳಲ್ಲಿ 16 ಧರ್ಮಕ್ಕೆ ಮೀಸಲು. ದೇವತಾವಿಚಾರವನ್ನು ಅವನು ಕವಿಗಳದು, ದಾರ್ಶನಿಕರದು, ನಗರದ್ದು ಎಂದು ಮೂರಾಗಿ ವಿಂಗಡಿಸಿದ್ದನು. ಕವಿಗಳ ಕಥೆಗಳನ್ನು ಅವನು ನಿಂದಿಸಿದನು, ನಗರದ ಆಚರಣೆಗಳನ್ನು ಗೌರವಿಸಿದನು. ಆದರೆ ರಂಗಪ್ರದರ್ಶನಗಳು ನಗರದ ಉತ್ಸವಗಳ ಭಾಗವೇ ಆಗಿರುವುದರಿಂದ ಇವೆರಡನ್ನೂ ಬೇರ್ಪಡಿಸಲು ಬರುವುದಿಲ್ಲವೆಂದು ಅಗಸ್ಟೀನ್ ವಾದಿಸಿದನು. ರೋಮನರು ಮೊದಲ 170 ವರ್ಷಗಳಿಗೂ ಹೆಚ್ಚು ಕಾಲ ವಿಗ್ರಹಗಳಿಲ್ಲದೆ ಪೂಜಿಸಿದರೆಂಬ ವಾರ್ರೋನ ಮಾತನ್ನೇ ಸಾಕ್ಷಿಯಾಗಿ ಬಳಸಿದನು. ಸೆನೆಕನು ಮೂಢನಂಬಿಕೆಗಳನ್ನು ಬರಹದಲ್ಲಿ ಖಂಡಿಸಿ, ಆಚರಣೆಯಲ್ಲಿ ಮಾತ್ರ ಅವುಗಳಿಗೆ ತಲೆಬಾಗಿದ್ದನ್ನು ಟೀಕಿಸಿದನು.

ಕೊನೆಯದಾಗಿ ಪ್ಲೇಟೋ ಪಂಥದವರ ವಿಚಾರ. ಸತ್ಯಕ್ಕೆ ಅತ್ಯಂತ ಸಮೀಪ ಬಂದವರು ಇವರೇ ಎಂದು ಅಗಸ್ಟೀನ್ ಮೆಚ್ಚಿದನು. ಆದರೆ ದೇವರಿಗೂ ಮನುಷ್ಯರಿಗೂ ನಡುವೆ ಡೆಮನ್ ಎಂಬ ಶಕ್ತಿಗಳು ಮಧ್ಯವರ್ತಿಗಳೆಂಬ ಅಪುಲೇಯುಸನ ವಾದವನ್ನು ಖಂಡಿಸಿ, ಜನರು ಪೂಜಿಸುವ ದೇವತೆಗಳು ವಂಚಕ ಪಿಶಾಚಿಗಳೆಂದು ಸಾರಿದನು. ಪೋರ್ಫಿರಿಯನ್ನು ಗೌರವಿಸುತ್ತಲೇ, ಅವನ ವಿಧಿವಿಧಾನಗಳ ಚಿಂತನೆಯನ್ನು ನಿರಾಕರಿಸಿದನು.

ಕೊನೆಯ ದಿನಗಳು

ಇದೇ ವರ್ಷಗಳಲ್ಲಿ ಆಫ್ರಿಕಾದ ಚರ್ಚನ್ನು ಒಡೆದಿದ್ದ ಡೊನಾಟಸ್ ಪಂಥದವರೊಡನೆಯೂ, ದೈವಕೃಪೆಯ ವಿಷಯದಲ್ಲಿ ಪೆಲಾಗಿಯುಸನೊಡನೆಯೂ ಅಗಸ್ಟೀನ್ ದೀರ್ಘವಾದ ವಾಗ್ವಾದ ನಡೆಸಿದನು. 427ರ ಸುಮಾರಿಗೆ ತನ್ನ ಬರಹಗಳನ್ನು ಮೊದಲಿನಿಂದ ಪರಿಶೀಲಿಸಿ, ತಪ್ಪುಗಳನ್ನು ತಾನೇ ತಿದ್ದುತ್ತ 'ಪುನರ್ವಿಮರ್ಶೆಗಳು' ಎಂಬ ಗ್ರಂಥವನ್ನು ಬರೆದನು. ಅದರಲ್ಲಿ ಈತ ಎಣಿಸಿದ್ದು 93 ಕೃತಿಗಳು, 232 ಸಂಪುಟಗಳು.

429ರಲ್ಲಿ ಗೈಸೆರಿಕನ ನಾಯಕತ್ವದಲ್ಲಿ ವ್ಯಾಂಡಲರು ಆಫ್ರಿಕಾಕ್ಕೆ ದಾಟಿದರು. 430ರ ಬೇಸಿಗೆಯಲ್ಲಿ ಹಿಪ್ಪೋ ನಗರಕ್ಕೆ ಮುತ್ತಿಗೆ ಬಿದ್ದಿತು. ರೋಮ್ ಬಿದ್ದಾಗ ದೂರದಿಂದ ಸಮಾಧಾನ ಹೇಳಿದ್ದ ಬಿಷಪ್‌ಗೆ ಈಗ ತನ್ನ ನಗರದ ಗೋಡೆಯಾಚೆಗೇ ಶತ್ರುಗಳು ಕಾಣಿಸಿದರು. ಮುತ್ತಿಗೆಯ ಮೂರನೆಯ ತಿಂಗಳಿನಲ್ಲಿ ಜ್ವರದಿಂದ ಹಾಸಿಗೆ ಹಿಡಿದ ಅಗಸ್ಟೀನ್, ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ ಗೋಡೆಗೆ ಅಂಟಿಸಿಕೊಂಡು ಓದುತ್ತಿದ್ದನು. 430ರ ಆಗಸ್ಟ್ 28ರಂದು 75ನೆಯ ವಯಸ್ಸಿನಲ್ಲಿ ನಿಧನನಾದನು. ಬಡವನಾಗಿ ಬಾಳಿದ್ದರಿಂದ ಉಯಿಲು ಬರೆಯಲಿಲ್ಲ. ಪುಸ್ತಕಭಂಡಾರವನ್ನು ಜೋಪಾನ ಮಾಡಬೇಕೆಂದು ಮಾತ್ರ ತಿಳಿಸಿದ್ದನು. ಅದು ಉಳಿಯಿತು. ಕಲಾಮಾದಲ್ಲಿ ಜೀವ ಉಳಿಸಿಕೊಂಡಿದ್ದ ಪೊಸ್ಸಿಡಿಯುಸನೇ ಈತನ ಮೊದಲ ಜೀವನಚರಿತ್ರೆಯನ್ನು ಬರೆದನು. ಪ್ರಶ್ನೆಗಳನ್ನು ಎತ್ತಿದ್ದ ವೊಲುಸಿಯಾನುಸನು 437ರಲ್ಲಿ ಮರಣಶಯ್ಯೆಯಲ್ಲಿ ಕ್ರೈಸ್ತದೀಕ್ಷೆ ಪಡೆದನು.

ಮೌಲ್ಯಮಾಪನ

ರೋಮ್ ಬಿದ್ದದ್ದಕ್ಕೆ ಯಾವ ದೇವರನ್ನೂ ಹೊಣೆ ಮಾಡದೆ, ರಾಜ್ಯಗಳು ಹುಟ್ಟುತ್ತವೆ, ಅಳಿಯುತ್ತವೆ, ಯಾವ ರಾಜ್ಯವೂ ದೇವರ ರಾಜ್ಯವಲ್ಲ ಎಂದು ವಾದಿಸಿದ್ದು ಅಗಸ್ಟೀನನ ಮುಖ್ಯ ಕೊಡುಗೆ. ಈ ವಾದವು ಹಳೆಯ ಧರ್ಮದವರಿಗಷ್ಟೇ ಅಲ್ಲ, ಕ್ರೈಸ್ತ ಚಕ್ರವರ್ತಿಗಳ ಆಳ್ವಿಕೆಯೇ ಶಾಶ್ವತ ಸೌಭಾಗ್ಯದ ಆರಂಭವೆಂದು ಭಾವಿಸಿದ್ದ ಕ್ರೈಸ್ತರಿಗೂ ಉತ್ತರವಾಗಿತ್ತು.

ಈತನ ವಿಮರ್ಶೆಗೆ ಮಿತಿಗಳೂ ಇವೆ. ತನ್ನ ಕಾಲದ ಜನರ ಜೀವಂತ ಆಚರಣೆಗಳಿಗಿಂತ, 400 ವರ್ಷಗಳಿಗೂ ಹಳೆಯದಾದ ವಾರ್ರೋನ ಗ್ರಂಥವೇ ಈತನ ವಾದಕ್ಕೆ ಹೆಚ್ಚಿನ ಆಧಾರವಾಗಿತ್ತು. ಭಕ್ತನ ಮನಸ್ಸಿನಲ್ಲಿ ಆ ದೇವತೆಗಳಿಗೆ ಇದ್ದ ಸ್ಥಾನವನ್ನು ಅರಿಯುವ ಪ್ರಯತ್ನ ಅದರಲ್ಲಿ ವಿರಳ. ಅಲ್ಲದೆ, ಮನವೊಲಿಕೆಯೇ ಸರಿಯಾದ ಮಾರ್ಗವೆಂದು ಮೊದಲು ನಂಬಿದ್ದ ಈತ, ಡೊನಾಟಸ್ ಪಂಥದವರ ವಿಷಯದಲ್ಲಿ ಮನಸ್ಸು ಬದಲಿಸಿ ರಾಜ್ಯದ ಬಲಪ್ರಯೋಗವನ್ನು ಸಮರ್ಥಿಸಿದನು. ನಂತರದ ಶತಮಾನಗಳಲ್ಲಿ ಧಾರ್ಮಿಕ ದಮನವನ್ನು ನಡೆಸಿದವರು ಈ ಬರಹಗಳನ್ನು ಆಧಾರವಾಗಿ ಬಳಸಿಕೊಂಡರು. ಈ ಕಾರಣಕ್ಕಾಗಿ ಈತನು ಇಂದಿಗೂ ಟೀಕೆಗೆ ಗುರಿಯಾಗಿದ್ದಾನೆ.

ಇನ್ನೊಂದು ಸಂಗತಿಯೂ ಗಮನಾರ್ಹ. ವಾರ್ರೋನ ಧಾರ್ಮಿಕ ಗ್ರಂಥ ಮತ್ತು ಮೂಢನಂಬಿಕೆಯನ್ನು ಕುರಿತ ಸೆನೆಕನ ಗ್ರಂಥ ಎರಡೂ ಕಾಲಗರ್ಭದಲ್ಲಿ ಕಳೆದುಹೋಗಿವೆ. ಅವುಗಳಲ್ಲಿ ಇಂದು ತಿಳಿದಿರುವ ಭಾಗದ ಬಹುಪಾಲು ಉಳಿದಿರುವುದು ಅಗಸ್ಟೀನನ ಪುಟಗಳಲ್ಲಿಯೇ. ರೋಮನರ ಹೊಸ್ತಿಲ ದೇವತೆಯ ಹೆಸರನ್ನು ಇಂದಿನ ವಿದ್ವಾಂಸರು ಹುಡುಕಿಕೊಂಡು ಹೋಗುವುದು, ಆ ದೇವತೆಯನ್ನು ಹೊಸ್ತಿಲಿನಿಂದ ಹೊರಗಟ್ಟಲು ಬರೆದ ಗ್ರಂಥಗಳ ಬಳಿಗೇ.

ಸ್ಮರಣೆ

ಅಗಸ್ಟೀನನ ಅವಶೇಷಗಳನ್ನು ಮೊದಲು ಸಾರ್ಡಿನಿಯಾ ದ್ವೀಪಕ್ಕೂ, ಎಂಟನೆಯ ಶತಮಾನದಲ್ಲಿ ಲೊಂಬಾರ್ಡರ ಅರಸ ಲಿಯುಟ್‌ಪ್ರಾಂಡನ ಕಾಲದಲ್ಲಿ ಇಟಲಿಯ ಪವಿಯಾ ನಗರಕ್ಕೂ ಸಾಗಿಸಲಾಯಿತು. ಅಲ್ಲಿನ ಸಾನ್ ಪಿಯೆತ್ರೋ ಇನ್ ಚಿಯೆಲ್ ದೋರೋ ಚರ್ಚಿನಲ್ಲಿ ಈತನ ಸಮಾಧಿಯಿದೆ. 1298ರಲ್ಲಿ ಪೋಪ್ ಎಂಟನೆಯ ಬೋನಿಫೇಸ್ ಈತನನ್ನು ಚರ್ಚಿನ ಮಹಾಬೋಧಕರಲ್ಲಿ ಒಬ್ಬನೆಂದು ಘೋಷಿಸಿದನು. ಪಶ್ಚಿಮದ ಚರ್ಚುಗಳಲ್ಲಿ ಆಗಸ್ಟ್ 28 ಈತನ ಸ್ಮರಣೆಯ ದಿನ; ಅದರ ಹಿಂದಿನ ದಿನವಾದ ಆಗಸ್ಟ್ 27 ಕಥೋಲಿಕ ಚರ್ಚಿನಲ್ಲಿ ತಾಯಿ ಮೋನಿಕಾಳ ಸ್ಮರಣೆಗೆ ಮೀಸಲಾಗಿದೆ.